ಗೀರು ಬಿದ್ದ ಪಿಸ್ತೂಲಿಗೂ ಒಡೆಯನನ್ನು ಹುಡುಕುವ ಮಾರ್ಲಿಸ್

ಬೆಳಗಿನ ಆರು ಗಂಟೆ. ಮೊಂಟಾನಾದ ಲೂಯಿಸ್‌ಟೌನ್‌ನಲ್ಲಿ ಇನ್ನೂ ಬೇಕರಿಯವರೂ ಬಾಗಿಲು ತೆಗೆದಿಲ್ಲ. ಬಂದೂಕಿನ ಅಂಗಡಿಯ ಕಬ್ಬಿಣದ ಬೀರುವಿನಿಂದ ಮಾರ್ಲಿಸ್ ಟ್ವೆಟನ್ ಒಂದೊಂದೇ ಪಿಸ್ತೂಲನ್ನು ಹೊರತೆಗೆಯುತ್ತಿದ್ದಾರೆ. ಒಟ್ಟು ನಲವತ್ತೆರಡು. ಪ್ರತಿಯೊಂದರ ಸ್ಲೈಡನ್ನು, ಅಂದರೆ ಮೇಲಿನ ಜಾರುವ ಭಾಗವನ್ನು ಹಿಂದಕ್ಕೆಳೆದು, ಒಳಗೆ ಗುಂಡಿಲ್ಲವೆಂದು ಕಣ್ಣಿನಿಂದ ಒಮ್ಮೆ, ಕಿರುಬೆರಳಿನಿಂದ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುತ್ತಾರೆ. ನಿನ್ನೆ ಸಂಜೆ ಒಳಗಿಟ್ಟವರೂ ಅವರೇ.

"ಅದಕ್ಕೇ ನೋಡೋದು," ಎಂದು ನಗುತ್ತಾರೆ. "ನಿನ್ನೆಯ ಮಾರ್ಲಿಸ್‌ಳನ್ನ ಇವತ್ತಿನ ಮಾರ್ಲಿಸ್ ನಂಬಬಾರದು."

ವಯಸ್ಸು ಅರವತ್ತಮೂರು. ಈ ಗಾಜಿನ ಕಪಾಟಿನ ಹಿಂದೆ ನಿಂತು ಇಪ್ಪತ್ತೆರಡು ವರ್ಷವಾಯಿತು. ದಿನಕ್ಕೆ ಒಂಬತ್ತು ಗಂಟೆ ನಿಂತೇ ಕೆಲಸ, ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ಮೊದಮೊದಲು ಬಂದವರೆಲ್ಲ ಇವರ ತಲೆಯ ಮೇಲಿಂದ ಒಳಗೆ ಇಣುಕಿ, "ಗಂಡಸರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದರಂತೆ. "ಇದ್ದಾರೆ, ಹಿಂದೆ ಕಸ ಗುಡಿಸ್ತಿದ್ದಾರೆ ಅಂತಿದ್ದೆ." ಅಂಗಡಿಯ ಫಲಕದ ಮೇಲೆ ಮಾಲೀಕರ ಹೆಸರಿದೆ, ಗೋಡೆಯ ಮೇಲೆ ಗುರಿ ಹೊಡೆಯುವ ಪಂದ್ಯ ಗೆದ್ದವರ ಹೆಸರಿದೆ. ಮಾರ್ಲಿಸ್ ಹೆಸರು ಎಲ್ಲೂ ಇಲ್ಲ. ಆದರೆ ಮೊದಲ ಪಿಸ್ತೂಲು ಆರಿಸಿಕೊಟ್ಟವರು ಯಾರೆಂದು ಈ ಊರಿನಲ್ಲಿ ಯಾರನ್ನೇ ಕೇಳಿ, ಇವರತ್ತಲೇ ಬೆರಳು ಮಾಡುತ್ತಾರೆ.

ಮೊದಲ ಸಲ ಕೊಳ್ಳುವವರಿಗೆ ಅಜ್ಜಂದಿರ ಕಾಲದ ಸೆಮಿ ಆಟೊಮ್ಯಾಟಿಕ್, ಅಂದರೆ ಮುಂದಿನ ಗುಂಡು ತಾನೇ ಏರಿಕೊಳ್ಳುವ ಮಾದರಿಯೇ ಬೇಕು. ಉಕ್ಕಿನ ಮೈ, ಮರದ ಹಿಡಿ. ಇದ್ದಬದ್ದ ಹಣವನ್ನೆಲ್ಲ ಹೊಳೆಯುವ ಒಂದಕ್ಕೆ ಸುರಿದು, ಆಮೇಲೆ ಗುಂಡು ಕೊಳ್ಳಲು ಕಾಸಿಲ್ಲದೆ ಮನೆಯಲ್ಲಿ ಒರೆಸುತ್ತ ಕೂರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮಾರ್ಲಿಸ್ ಮೊದಲು ಬಿಡಿಸುವುದೇ ಈ ಚಟವನ್ನು.

ಕಳೆದ ಗುರುವಾರ ಗಾರ್ಡಿ ನೈಗಾರ್ಡ್ ಬಂದರು. ರಸ್ತೆಯ ಹಿಮ ತೆಗೆಯುವ ಗಾಡಿಯ ಚಾಲಕ. ಹೋದ ಚಳಿಗಾಲದಲ್ಲಿ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಸರಪಳಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಮಡಚದಂತಾಗಿವೆ. ಅಂಗಡಿಯ ಹಿಂದಿನ ಬಯಲಿನಲ್ಲಿ ಪ್ರತಿ ಶನಿವಾರ ಹಳೇ ಮಾದರಿಯ ಪಿಸ್ತೂಲಿನವರ ಪಂದ್ಯ ನಡೆಯುತ್ತದೆ. ಗಾರ್ಡಿಯ ತಂದೆ ಸಾಯುವವರೆಗೂ ಅಲ್ಲಿ ಆಡಿದವರು. ಆ ಸಾಲಿನಲ್ಲಿ ತಾನೂ ಒಮ್ಮೆ ನಿಲ್ಲಬೇಕೆಂಬುದೊಂದೇ ಗಾರ್ಡಿಯ ಆಸೆ. ಜೇಬಿನಲ್ಲಿ ಆರುನೂರು ಡಾಲರ್. ಕಣ್ಣು ಮಾತ್ರ ಒಂಬೈನೂರರದ್ದರ ಮೇಲೆ. ಅದನ್ನು ಕೈಗೆ ಕೊಟ್ಟರೆ, ಎಳೆದ ಸ್ಲೈಡ್ ಅರ್ಧಕ್ಕೇ ನಿಂತಿತು.

"ಎಲ್ರೂ ಹೇಳಿದ್ರು, ನಿನ್ನ ಕೈಗೆ ಇದು ಆಗಲ್ಲ ಅಂತ. ಬಿಡಿ ಮಾರ್ಲಿಸಕ್ಕ," ಎಂದು ಗಾರ್ಡಿ ಟೋಪಿ ಹಾಕಿಕೊಂಡೇಬಿಟ್ಟರು.

"ಟೋಪಿ ತೆಗಿ. ಇದನ್ನ ಎಳಿ ನೋಡೋಣ."

ಅದೇ ಆಕಾರ, ಆದರೆ ಚಿಕ್ಕ ಗುಂಡಿನದು. ಸ್ಪ್ರಿಂಗ್ ಮೃದು. ಒಬ್ಬರು ಬಳಸಿ ಮಾರಿದ್ದು, ನಾನೂರ ಹತ್ತು ಡಾಲರ್. ಸ್ಲೈಡ್ ಸಲೀಸಾಗಿ ಬಂತು. ಗಾರ್ಡಿಯ ಮುಖ ಅರಳಿತು, ಮರುಕ್ಷಣವೇ ಬಾಡಿತು. ಪಿಸ್ತೂಲಿನ ಎಡಮಗ್ಗುಲಲ್ಲಿ ಬಿಲ್ಲಿನಂತೆ ಬಾಗಿದ ಗೀರು! ಬಿಚ್ಚಿ ಒರೆಸಿ ಮತ್ತೆ ಜೋಡಿಸುವಾಗ ಕೀಲನ್ನು ಅವಸರದಲ್ಲಿ ತೂರಿಸಿದರೆ ಬೀಳುವ ಗೀರು ಅದು. ಪಂದ್ಯದ ಜನ ಅದನ್ನು ಕರೆಯುವುದೇ ದಡ್ಡನ ಗೀರು ಎಂದು.

"ಶನಿವಾರ ಎಲ್ರೂ ನಗ್ತಾರೆ. ಗಾರ್ಡೀನೇ ಮಾಡ್ಕೊಂಡಿದ್ದು ಅಂತಾರೆ."

ಮಾರ್ಲಿಸ್ ತಮ್ಮ ಚೀಲದಿಂದ ತಮ್ಮದೇ ಪಿಸ್ತೂಲು ತೆಗೆದು, ಒಳಗೆ ಗುಂಡಿಲ್ಲವೆಂದು ತೋರಿಸಿ ಪಕ್ಕದಲ್ಲಿಟ್ಟರು. ಅದರ ಮೇಲೆ ಒಂದಲ್ಲ, ಎರಡು ಗೀರು.

"ಮೊದಲನೇದು ತಂದ ದಿನ. ಎರಡನೇದು, ಇನ್ನು ಹಾಗೆ ಮಾಡಲ್ಲ ಅಂತ ಗಂಡನಿಗೆ ತೋರಿಸೋಕೆ ಹೋಗಿ. ಗೀರು ಗುರಿ ತಪ್ಪಿಸಲ್ಲ ಮಾರಾಯ, ಬೆಲೆ ಇಳಿಸುತ್ತೆ ಅಷ್ಟೆ. ಉಳಿದ ದುಡ್ಡಿಗೆ ಗುಂಡು ತಗೋ."

ಸರ್ಕಾರದ ಫಾರಂ ತುಂಬಿದ್ದಾಯಿತು, ಕೊಳ್ಳುವವರ ಹಿನ್ನೆಲೆ ತಪಾಸಣೆ ಮುಗಿದು ಫೋನಿನಲ್ಲಿ ಒಪ್ಪಿಗೆಯೂ ಬಂತು.

ಶನಿವಾರ ಅಂಗಡಿ ತುಂಬ ಜನ. ಹಿಂದಿನ ಬಯಲಿನ ಧ್ವನಿವರ್ಧಕದಲ್ಲಿ ಗಾರ್ಡಿಯ ಹೆಸರು ಕೇಳಿದ್ದೇ ಮಾರ್ಲಿಸ್ ಚಿಲ್ಲರೆ ಎಣಿಸುವುದನ್ನು ನಿಲ್ಲಿಸುತ್ತಾರೆ. ಐದು ಉಕ್ಕಿನ ತಟ್ಟೆ ಬೀಳಬೇಕು. ಟಣ್, ಟಣ್, ಟಣ್, ಟಣ್. ಆಮೇಲೆ ಸದ್ದಿಲ್ಲ. ಎದುರಿನ ಗಿರಾಕಿಯೂ ಉಸಿರು ಬಿಗಿಹಿಡಿದು ನಿಂತಿದ್ದಾನೆ. ಟಣ್.

ಸ್ವಲ್ಪ ಹೊತ್ತಿಗೆ ಗಾರ್ಡಿ ಒಳಗೆ ಬರುತ್ತಾರೆ. ಹೆಂಡತಿ ಮಾಡಿದ ಸೇಬಿನ ಪೈ ಗಾಜಿನ ಮೇಲಿಡುತ್ತಾರೆ. "ಅಪ್ಪ ನಿಲ್ತಿದ್ದ ಜಾಗದಲ್ಲೇ ನಿಲ್ಲಿಸಿದ್ರು ಅಕ್ಕ," ಎನ್ನುತ್ತಾರೆ. ಮಾರ್ಲಿಸ್ ಆ ಮಡಚದ ಬೆರಳುಗಳನ್ನು ಒಮ್ಮೆ ಹಿಡಿದು ಬಿಡುತ್ತಾರೆ. ಇಂಥವರೊಬ್ಬರು ಕಪಾಟಿನ ಹಿಂದೆ ನಿಂತಿರುವುದು ಈ ಊರಿನ ಪುಣ್ಯ.

ನಿಮಗೇನಾದರೂ ಆಸೆಯಿದೆಯೇ ಎಂದರೆ ಮಾರ್ಲಿಸ್ ಹಿಂದಿನ ಬಾಗಿಲ ಕಡೆ ನೋಡುತ್ತಾರೆ. "ಒಂದೇ ಒಂದು ಶನಿವಾರ ರಜಾ. ಇಪ್ಪತ್ತೆರಡು ವರ್ಷ ಇಲ್ಲಿ ನಿಂತು ಬರೀ ಕೇಳಿದ್ದೀನಿ. ಒಂದು ಸಲ ಕುರ್ಚಿ ಹಾಕ್ಕೊಂಡು ಕೂತು, ಕಣ್ಣಾರೆ ನೋಡ್ಬೇಕು."