ಒಂದು ಕೈ ಹೆಗಲ ಮೇಲೆ, ಇನ್ನೊಂದು ಬಿಸಿ ಟವೆಲಿಗೆ

ಬೆಳಗು ಇನ್ನೂ ಸರಿಯಾಗಿ ಹರಿದಿಲ್ಲ. ಬಚ್ಚಲಿನ ಕಿಟಕಿ ಗಾಜಿನ ಮೇಲೆ ಮಂಜು ಕೂತಿದೆ. ತೋಳು ಮೇಲಕ್ಕೆ ಮಡಿಸಿಕೊಂಡ ಹೆಂಗಸೊಬ್ಬರು ಗೋಡೆಗೆ ಹಾಕಿರುವ ಬಿಳಿಯ ಕಂಬಿಗಳಿಗೆ ಮಣಿಕಟ್ಟಿನ ಒಳಭಾಗ ಒತ್ತಿ ನಿಂತಿದ್ದಾರೆ. ಒಂದು ಬದಿ ಇಲ್ಲದ ಪುಟ್ಟ ಏಣಿಯ ಹಾಗೆ ಕಾಣುವ ಇದು ಟವೆಲ್ ಬಿಸಿ ಮಾಡುವ ಹೀಟರ್. ಮೇಲಿನ ಎರಡು ಕಂಬಿಗಳ ನಡುವೆ ದಪ್ಪನೆಯ ಟವೆಲ್ ಮಡಿಸಿಟ್ಟಿದೆ.

“ಬಿಸಿ ಜಾಸ್ತಿ ಆಯ್ತೇನೋ ಮೇಡಂ. ನೀವೂ ಒಂದ್ಸಲ ಮುಟ್ಟಿ ನೋಡಿ.”

ನಾನು ಮುಟ್ಟುತ್ತೇನೆ. ಹಿತವಾಗಿದೆ, ಸರಿಯಾಗಿದೆ ಎನ್ನುತ್ತೇನೆ. ಅವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಮತ್ತೆ ಮಣಿಕಟ್ಟು ಒತ್ತುತ್ತಾರೆ. ಪತ್ರಿಕೆಯವರ ಚರ್ಮದ ಮೇಲೆ ಅವರಿಗೆ ನಂಬಿಕೆ ಇಲ್ಲ, ಇರಬೇಕಾಗಿಯೂ ಇಲ್ಲ.

ಹಾಸಿಗೆ ಹಿಡಿದವರಿಗೆ, ಕೈಕಾಲು ಸ್ವಾಧೀನದಲ್ಲಿಲ್ಲದವರಿಗೆ ಮನೆಗೇ ಹೋಗಿ ಸ್ನಾನ ಮಾಡಿಸುವುದು ಇವರ ಕೆಲಸ. ಬೆಳಗಾಗುವ ಹೊತ್ತಿಗೆ ಒಂದು ಮನೆ, ಮಧ್ಯಾಹ್ನದೊಳಗೆ ಇನ್ನೂ ಮೂರು. ಯಾವ ಮನೆಯವರೂ ಹೆಸರು ಕೇಳಿಲ್ಲ. ಎಲ್ಲರಿಗೂ ಇವರು ‘ಸ್ನಾನದಕ್ಕ’. ನೀರಿನಲ್ಲೇ ಇದ್ದು ಇದ್ದು ಬೆರಳ ತುದಿಗಳು ಬಿಳಿಚಿ ಸುಕ್ಕಾಗಿವೆ. ಬಲ ಹೆಗಲು ಚಳಿ ಬಂದರೆ ಮುಷ್ಕರ ಹೂಡುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಹೀಟರ್ ಇದೆಯಾ ಎಂದು ಕೇಳಿದರೆ ನಗುತ್ತಾರೆ. “ನಮ್ಮನೇಲಿ ಟವೆಲ್ ಒಣಗಿದ್ರೆ ಸಾಕು. ಬಿಸಿ ಬೇರೆ ಯಾರು ಕೇಳ್ತಾರೆ?”

ನಗು ಅಲ್ಲಿಗೇ ನಿಲ್ಲುತ್ತದೆ. ಇವತ್ತು ಶನಿವಾರ. ಸೋಮವಾರ ವೃದ್ಧಾಶ್ರಮದವರು ಈ ಮನೆಯ ಅಜ್ಜಿಯನ್ನು ನೋಡಲು ಬರುತ್ತಾರೆ.

ಅಜ್ಜಿ ಇರುವುದು ಮಗಳ ಜೊತೆ. ಮಗಳು ಕೆಳಗಿನ ಬೀದಿಯಲ್ಲಿ ಔಷಧಿ ಅಂಗಡಿ ನಡೆಸುತ್ತಾರೆ. ಚಳಿ ಶುರುವಾದಾಗ ಒಂದು ದಿನ, ಸ್ನಾನ ಮುಗಿದು ನಡುಗುತ್ತಿದ್ದ ಅಜ್ಜಿ ಟವೆಲಿಗೆ ಕೈ ಚಾಚಿ, ಅದನ್ನು ನೇತುಹಾಕಿದ್ದ ಗೋಡೆಯ ಸರಳನ್ನೇ ಆಸರೆಗೆ ಹಿಡಿದರು. ಸ್ಕ್ರೂ ಕಿತ್ತು ಸರಳೂ ಅಜ್ಜಿಯೂ ಒಟ್ಟಿಗೆ ಕೆಳಗೆ ಬಂದರು. ಮೂಳೆಗೇನೂ ಆಗಲಿಲ್ಲ. ಆದರೆ ಅಂದಿನಿಂದ ಬಚ್ಚಲ ಬಾಗಿಲು ಕಂಡರೆ ಅಜ್ಜಿ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಎಷ್ಟು ದಿನ ಒರೆಸುವುದು? ಚರ್ಮದ ಮಡಿಕೆಗಳಲ್ಲಿ ಹುಣ್ಣು ಕಾಣಿಸಿಕೊಂಡಿದೆ. ನೀರು ಬೀಳಲೇಬೇಕು ಎಂದಿದ್ದಾರೆ ಡಾಕ್ಟರು. ಎತ್ತಿ ಕೂರಿಸುವ ಶಕ್ತಿ ಮಗಳಿಗಿಲ್ಲ, ಅಂಗಡಿ ಮುಚ್ಚುವ ಹಾಗೂ ಇಲ್ಲ. ಅತ್ತು ಅತ್ತು ಸಾಕಾಗಿ ಆಶ್ರಮಕ್ಕೆ ಫೋನು ಮಾಡಿದ್ದಾರೆ.

“ಒಂದೇ ಒಂದು ಸಲ ನೋಡೋಣ ಅಕ್ಕ, ಬಿಸಿ ಟವೆಲ್ ಆಸೆಗಾದ್ರೂ ಅಜ್ಜಿ ಬರ್ತಾರೇನೋ ಅಂತ ಮಗಳಿಗೆ ಅಂದೆ. ಹಾಗಾದ್ರೆ ಹೀಟರ್ ನೀನೇ ಆರಿಸಿ ಕೊಡು ಅಂದ್ಬಿಟ್ರು. ನಂಗೆ ಯಾಕಾದ್ರೂ ಬಾಯಿ ಬಿಟ್ನೋ ಅನ್ನಿಸ್ತು.”

ಆರಿಸುವುದು ಎಂದರೆ ಬಣ್ಣ ನೋಡಿ ಬಿಲ್ ಹಾಕಿಸುವುದಲ್ಲ. ಅಜ್ಜಿಗೆ ಸಕ್ಕರೆ ಕಾಯಿಲೆ. ಬೆರಳಿಗೆ ಬಿಸಿ ಗೊತ್ತಾಗುವುದಿಲ್ಲ. ಕಂಬಿ ಕಂಡರೆ ಹಿಡಿಯುವ ಅಭ್ಯಾಸ ಮಾತ್ರ ಹಾಗೇ ಇದೆ. ಕಾದ ಕಂಬಿ ಹಿಡಿದು ಕೂತರೆ ಅಂಗೈ ಸುಟ್ಟಿದ್ದು ಸಂಜೆಗೇ ತಿಳಿಯುವುದು.

ಕೊಳ್ಳಲು ಹೋದ ಅಂಗಡಿಯಲ್ಲಿ ಗೋಡೆ ತುಂಬ ಹೀಟರುಗಳಿದ್ದವು, ಒಂದಕ್ಕೂ ಕರೆಂಟಿರಲಿಲ್ಲ. ಬಿಸಿ ಮಾಡಿ ತೋರಿಸಿ ಎಂದರೆ ಮಾರುವ ಹುಡುಗಿ ಹೊಳಪು ತೋರಿಸಿದಳು. ಕನ್ನಡಿಯಂತೆ ಮಿರಮಿರ ಮಿಂಚುವ ಒಂದನ್ನು ಮಗಳು ಆಗಲೇ ಮೆಚ್ಚಿಯೂ ಆಗಿತ್ತು. ಸ್ನಾನದಕ್ಕ ಪಟ್ಟು ಬಿಡಲಿಲ್ಲ. ಕೊನೆಗೆ ಹುಡುಗಿ ನಾಚಿಕೊಳ್ಳುತ್ತಾ ಸಿಬ್ಬಂದಿಯ ಶೌಚಾಲಯಕ್ಕೆ ಕರೆದೊಯ್ದಳು. ಇಡೀ ಅಂಗಡಿಯಲ್ಲಿ ಬಿಸಿಯಾಗುತ್ತಿದ್ದ ಒಂದೇ ಹೀಟರ್ ಅಲ್ಲಿತ್ತು, ಅದರ ಮೇಲೆ ಯಾರದೋ ಕಾಲುಚೀಲ ಒಣಗುತ್ತಿತ್ತು. ಕಾಲುಚೀಲ ಸರಿಸಿ ಮಣಿಕಟ್ಟು ಇಟ್ಟ ಸ್ನಾನದಕ್ಕ ತಟ್ಟನೆ ಹಿಂದಕ್ಕೆಳೆದುಕೊಂಡರು. ಶಾಖ ಹೆಚ್ಚು ಕಡಿಮೆ ಮಾಡುವ ಗುಂಡಿ ಇರುವುದೇ ಬೇಕು ಎಂದು ಆಗ ಖಾತ್ರಿಯಾಯಿತು. ಕಂಬಿಗಳ ಒಂದು ಬದಿ ತೆರೆದಿರಬೇಕು, ಟವೆಲ್ ಒಂದೇ ಕೈಯಲ್ಲಿ ಜಾರಿ ಬರಬೇಕು. ಬಣ್ಣ ಗೋಡೆಯ ಹಾಗೇ ಬಿಳಿ, ಅಜ್ಜಿಯ ಮಬ್ಬುಗಣ್ಣಿಗೆ ಬೀಳದಿರಲಿ ಎಂದು. ಹಿಡಿದುಕೊಳ್ಳಲು ಬೇರೆಯೇ ಒಂದು ಕೆಂಪು ಹಿಡಿ, ಗೋಡೆಯೊಳಕ್ಕೆ ಆಳವಾಗಿ ಬೋಲ್ಟ್ ಹಾಕಿಸಿದ್ದು.

ಇಷ್ಟೆಲ್ಲ ಮಾಡಿಯೂ ಎಡವಟ್ಟಾಯಿತು. ಅಜ್ಜಿಯ ಕೈಗೆ ಎಟುಕದಿರಲಿ ಎಂದು ಹೀಟರನ್ನು ದೂರ, ಬಾಗಿಲ ಪಕ್ಕ ಹಾಕಿಸಿದರು. ಮೊನ್ನೆ, ಬರೀ ಕಾಲು ತೊಳೆಯುತ್ತೇನೆ ಎಂದು ಪುಸಲಾಯಿಸಿ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಟವೆಲ್ ತರಲು ಎರಡು ಹೆಜ್ಜೆ ಇಟ್ಟರು.

“ಹೆಗಲ ಮೇಲಿಂದ ನನ್ನ ಕೈ ಹೋಯ್ತು ನೋಡಿ, ಅಷ್ಟೇ. ಅಜ್ಜಿ ಕಿರಿಚ್ಕೊಂಡ್ರು. ಗಾಳೀಲಿ ಕೈ ಆಡಿಸ್ತಿದ್ರು ಮೇಡಂ. ಬಿಟ್ಟು ಹೋದ್ಯಲ್ಲೇ ಅಂದ್ರು.”

ಸುಡುವುದನ್ನೇ ಯೋಚಿಸುತ್ತಾ, ಟವೆಲ್ ತರಲು ಅಜ್ಜಿಯ ಹೆಗಲಿಂದ ಕೈ ತೆಗೆಯಬೇಕಾಗುತ್ತದೆ ಎಂಬುದನ್ನು ಮರೆತಿದ್ದರು. ನಿನ್ನೆ ಮತ್ತೆ ಎಲೆಕ್ಟ್ರಿಷಿಯನ್ ಬಂದ, ಗೊಣಗಿಕೊಂಡೇ. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಒಂದು ಕೈ ಅವರ ಹೆಗಲ ಮೇಲಿಟ್ಟು, ಇನ್ನೊಂದನ್ನು ಉದ್ದಕ್ಕೆ ಚಾಚಿ ನಿಂತರು ಸ್ನಾನದಕ್ಕ. ಬೆರಳು ಮುಟ್ಟಿದ ಕಡೆ ಪೆನ್ಸಿಲ್ ಗುರುತು. ನೀರು ಸಿಡಿಯುವ ಜಾಗ, ಇನ್ನೂ ಆಚೆ ಹೋಗಬೇಕು ಎಂದು ಅವನು. ಆಚೆ ಹೋದರೆ ಎಟುಕುವುದಿಲ್ಲ ಎಂದು ಇವರು. ಮಾತಿಗೆ ಮಾತು ಬೆಳೆದು, ಕೊನೆಗೆ ಸ್ಟೂಲನ್ನು ಒಂದು ಗೇಣು ಸರಿಸಿ ರಾಜಿಯಾಯಿತು. ಅವನದೂ ಒಂದು ಷರತ್ತು: ಮೊದಲೇ ಟವೆಲ್ ಕಾಯಿಸಿ, ಹೊರಗಿನ ಸ್ವಿಚ್ ಆರಿಸಿದ ಮೇಲೆಯೇ ನೀರು ಮುಟ್ಟಬೇಕು.

ಮಗಳೂ ನಿಂತು ಕೈ ಚಾಚಿ ನೋಡಿದರು. ಎಟುಕಲಿಲ್ಲ, ಅವರು ಕುಳ್ಳು. “ನಾನು ಹುಷಾರು ತಪ್ಪಿ ಮಲಗಿದ್ರೆ ಏನ್ ಗತಿ ಅಂತ ರಾತ್ರಿಯೆಲ್ಲ ಅದೇ ಯೋಚ್ನೆ,” ಎನ್ನುತ್ತಾರೆ ಸ್ನಾನದಕ್ಕ.

ಈಗ ಅವರು ಸ್ವಿಚ್ ಆರಿಸುತ್ತಾರೆ. ಇನ್ನು ಕಂಬಿ ತಣ್ಣಗಾಗುತ್ತಾ ಹೋಗುತ್ತದೆ. ಅಜ್ಜಿಯನ್ನು ಅವಸರಪಡಿಸುವಂತಿಲ್ಲ, ಟವೆಲಿನ ಬಿಸಿಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಳಗಿನ ಕೋಣೆಯಿಂದ ಅಜ್ಜಿ ಪುಟ್ಟಪುಟ್ಟ ಹೆಜ್ಜೆ ಇಡುತ್ತಾ ಬರುತ್ತಾರೆ. ಹೊಸ್ತಿಲಲ್ಲಿ ನಿಂತುಬಿಡುತ್ತಾರೆ.

“ಬೇಡ ಕಣೇ. ನಾಳೆ ಮಾಡೋಣ.”

“ಆಯ್ತು ಅಜ್ಜಿ. ಸುಮ್ನೆ ಕೂತ್ಕೊಳ್ಳಿ, ಕಾಲು ನೋಯುತ್ತೆ. ಇದೋ, ಕೆಂಪಗಿದೆಯಲ್ಲ, ಅದನ್ನ ಹಿಡ್ಕೊಳ್ಳಿ.”

ಬಾಗಿಲು ಅರ್ಧ ಮುಚ್ಚುತ್ತದೆ. ಹೊರಗೆ ಮಗಳು, ನಾನು. ನೀರು ಸುರಿಯುವ ಸದ್ದು. ಅಜ್ಜಿ ಒಮ್ಮೆ ನರಳುತ್ತಾರೆ. ಮಗಳು ನನ್ನ ತೋಳು ಹಿಡಿದುಕೊಳ್ಳುತ್ತಾರೆ, ಉಗುರು ಊರುವಷ್ಟು. ಮತ್ತೆ ನೀರು. ಆಮೇಲೆ ನೀರಿನ ಸದ್ದು ನಿಲ್ಲುತ್ತದೆ. ಮೊನ್ನೆ ಕೂಗು ಎದ್ದದ್ದು ಇದೇ ಹೊತ್ತಿನಲ್ಲಿ. ಪತ್ರಿಕೆಗೆ ಬರೆಯಲು ಬಂದವಳು ನಾನು, ಆದರೂ ಈ ಗಳಿಗೆಯಲ್ಲಿ ನನಗೆ ಬೇಕಾಗಿರುವುದು ಅಜ್ಜಿ ಕಿರುಚದೆ ಇರುವುದು ಮಾತ್ರ.

“ಇದೇನೇ,” ಎಂದು ಅಜ್ಜಿಯ ದನಿ, ಟವೆಲಿನೊಳಗಿಂದ. “ಬೆಚ್ಚಗಿದೆ. ಸ್ವಲ್ಪ ಹೊತ್ತು ಹೀಗೇ ಇರ್ಲಿ.”

ಮಗಳು ಗೋಡೆಗೆ ಒರಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಳುತ್ತಾರೆ.

ಅಜ್ಜಿಯನ್ನು ಮಲಗಿಸಿ ಹೊರಬಂದ ಸ್ನಾನದಕ್ಕನ ಬಟ್ಟೆ ಒಂದು ಕಡೆ ಪೂರ್ತಿ ಒದ್ದೆ. ಆಶ್ರಮದವರಿಗೆ ಸೋಮವಾರ ಬರಬೇಡಿ ಅಂತ ಹೇಳಿಬಿಡಲಾ ಎಂದು ಮಗಳು ಕೇಳುತ್ತಾರೆ.

“ಒಂದು ದಿನ ಆಗಿದೆ ಅಕ್ಕ, ಅಷ್ಟೇ. ನಾಳೆ ಏನ್ ಮಾಡ್ತಾರೋ.”

ಮಗಳು ಆಗಲೇ ಫೋನು ಕಿವಿಗಿಟ್ಟುಕೊಂಡು ಅಂಗಳಕ್ಕೆ ಹೋಗಿದ್ದಾರೆ. ಸ್ನಾನದಕ್ಕ ಮುಂದಿನ ಮನೆಗೆ ಹೊರಡಲು ಚಪ್ಪಲಿ ಹುಡುಕುತ್ತಾರೆ. ಈಗಲಾದರೂ ಹೆದರಿಕೆ ಹೋಯಿತಾ ಎಂದು ನಾನು ಕೇಳುತ್ತೇನೆ.

“ಎಲ್ಲಿ ಹೋಗುತ್ತೆ ಮೇಡಂ? ನಾಳೆನೂ ಹೆದರ್ಕೊಂಡೇ ಬರ್ತೀನಿ,” ಎನ್ನುತ್ತಾ ನೋಯುವ ಹೆಗಲನ್ನು ಒಮ್ಮೆ ತಿರುಗಿಸುತ್ತಾರೆ. “ಆದ್ರೆ ಇವತ್ತು ಮೊದಲಿಂದ ಕೊನೇವರೆಗೂ ಕೈ ತೆಗೀಲಿಲ್ಲ. ಅದನ್ನ ಬರ್ಕೊಳ್ಳಿ.”