ಶಿಮೊದಾ ಸಾಹೇಬರಿಗೊಂದು ಎಲೆ

ಬೆಳಗಿನ ಬಾಂಗ್ ಇನ್ನೂ ಮುಗಿದಿಲ್ಲ. ಬಹರೈನಿನ ಉಮ್ ಅಲ್ ಹಸ್ಸಮ್‌ನ ಹಳೆಯ ವಿಲ್ಲಾ ಒಂದರ ಅಡುಗೆಮನೆಯಲ್ಲಿ ನೀರಜಾಕ್ಷಿ ಅಕ್ಕಿ ತೊಳೆದು ಕುಕ್ಕರಿಗೆ ಹಾಕಿ ಫ್ರಿಜ್ಜಿನ ಪಕ್ಕದ ಮೂಲೆಗೆ ತಿರುಗುತ್ತಾರೆ. ಅಲ್ಲಿ ಗೋಡೆಯ ಮೇಲೆ ಕಟೀಲು ಅಮ್ಮನ ಕ್ಯಾಲೆಂಡರ್ ಚಿತ್ರ, ಕೆಳಗೆ ಹಿತ್ತಾಳೆಯ ಪುಟ್ಟ ದೀಪ. ಬತ್ತಿ ಹಚ್ಚಿ, ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿ, ಕಣ್ಣು ಮುಚ್ಚಿ ಹೆಸರು ಹೇಳತೊಡಗುತ್ತಾರೆ. ಮೊದಲನೆಯದು ಮಗಳದು. ಮಿಕ್ಕವೆಲ್ಲ ಜಪಾನಿ ಹೆಸರುಗಳು.

"ಅಮ್ಮಾ, ಕುಬೊ ಸಾಹೇಬರಿಗೆ ಇವತ್ತಾದರೂ ಸರಿ ನಿದ್ದೆ ಕೊಡು. ಅವರ ಊರಲ್ಲಿ ಕೆಲಸ ಹೋದವರನ್ನು ನೋಡಿಕೋ. ಕೆಲಸ ಇದ್ದವರನ್ನೂ ನೋಡಿಕೋ" ಎಂದು ತುಳುವಿನಲ್ಲಿ ಬೇಡಿಕೊಳ್ಳುತ್ತಾರೆ. ತುಳುವಿನಲ್ಲಿ ಹೇಳಿದ್ದು ಜಪಾನಿನವರಿಗೆ ಮುಟ್ಟೀತೇ ಎಂದು ಕೇಳಿದರೆ ನನ್ನನ್ನೇ ಗದರುತ್ತಾರೆ. "ಅಮ್ಮನಿಗೆ ಮುಟ್ಟಿದರೆ ಸಾಕಲ್ಲ ಮಾರಾಯ್ರೆ. ಮುಂದಿನದ್ದು ಅವಳು ನೋಡಿಕೊಳ್ತಾಳೆ."

ನೀರಜಾಕ್ಷಿ ಮುಲ್ಕಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಬಹರೈನಿಗೆ ಬಂದು ಮೊದಲು ಈಸಾ ಟೌನಿನ ನಮ್ಮ ಕರಾವಳಿಯವರ ಮನೆಯೊಂದರಲ್ಲಿ ಅಡುಗೆಗಿದ್ದರು. ಈಗ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳನ್ನು ಕೂರಿಸುವ ಜಪಾನಿ ಕಂಪೆನಿಯೊಂದರ ಎಂಜಿನಿಯರುಗಳಿಗೆ ಈ ವಿಲ್ಲಾದ ಮೆಸ್ಸಿನಲ್ಲಿ ಬೇಯಿಸಿ ಬಡಿಸುತ್ತಾರೆ. ಮಗಳು ಸುರಕ್ಷಾ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ತಾಯಿಯ ವೀಸಾ ಹೋದರೆ ಆ ಓದೂ ಅಲ್ಲಿಗೇ ನಿಂತಂತೆ.

ಇವರ ಪ್ರಾರ್ಥನೆಯ ಸುದ್ದಿ ಕೇಳಿ ನಮ್ಮವರು ನಗುತ್ತಾರೆ. ಜಪಾನಿನವರಿಗೆ ಏನು ಕೊರತೆ, ನಮ್ಮ ಬಡವರಿಗೆ ಬೇಡಿಕೊಳ್ಳಲಿ ಎನ್ನುತ್ತಾರೆ. ಮೊನ್ನೆಯ ಶುಕ್ರವಾರದ ಕೂಟದಲ್ಲಿ ಸೀಫ್ ಬಡಾವಣೆಯ ಆಫೀಸೊಂದರ ದೊಡ್ಡ ಮನುಷ್ಯರೊಬ್ಬರು ವೇದಿಕೆ ಹತ್ತಿ ಆ ಹಳೆಯ ಕಥೆಯನ್ನೇ ಮತ್ತೆ ಹೇಳಿದರು. ಜಪಾನಿನವರು ಮುಷ್ಕರ ಹೂಡಿದರೂ ಕೆಲಸ ನಿಲ್ಲಿಸುವುದಿಲ್ಲವಂತೆ, ಹೆಚ್ಚು ದುಡಿದೇ ಪ್ರತಿಭಟಿಸುತ್ತಾರಂತೆ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಥೂ, ಎಂಥ ಚಪ್ಪಾಳೆ ಅದು! ದುಡಿದು ದುಡಿದೇ ಸಾಯುವುದಕ್ಕೆ ಜಪಾನಿನಲ್ಲಿ ಕರೋಶಿ ಎಂಬ ಹೆಸರೇ ಇದೆ. ಆ ಮಾತನ್ನು ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ.

ನೀರಜಾಕ್ಷಿ ಕರೋಶಿಯನ್ನು ಕಣ್ಣಾರೆ ಕಂಡವರು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬಂದು ದೀಪ ಹಾಕಿದಾಗ, ಹಿರಿಯ ಎಂಜಿನಿಯರ್ ಶಿಮೊದಾ ಊಟದ ಮೇಜಿನ ಮೇಲೆ ಹರಡಿದ ನಕ್ಷೆಗಳಿಗೆ ತಲೆಯಿಟ್ಟು ಮಲಗಿದ್ದರು. ವಾರಗಟ್ಟಲೆ ಆ ಮನುಷ್ಯ ಮಂಚ ಕಂಡಿರಲಿಲ್ಲ. ಸೈಟಿನಿಂದ ಬಂದರೆ ನಕ್ಷೆ, ನಕ್ಷೆಯಿಂದ ಎದ್ದರೆ ಸೈಟು.

"ಪಾಪ, ಇವತ್ತಾದರೂ ನಿದ್ದೆ ಬಂತಲ್ಲ ಅಂತ ನನಗೆ ಖುಷಿಯೇ ಆಯ್ತು. ಒಂದು ಹೊದಿಕೆ ತಂದು ಹೊದಿಸಿದೆ. ಪಾತ್ರೆ ಶಬ್ದ ಆದರೆ ಎದ್ದುಬಿಡ್ತಾರೆ ಅಂತ ಎಲ್ಲ ಮೆಲ್ಲ ಮೆಲ್ಲ ಮಾಡಿದೆ. ಅನ್ನ ಆಯ್ತು, ಸಾರು ಆಯ್ತು. ಎಬ್ಬಿಸುವ ಅಂತ ಕೈ ಮುಟ್ಟಿದರೆ..." ನೀರಜಾಕ್ಷಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಹೆಣಕ್ಕೆ ಹೊದಿಸಿ ನಾನು ಅನ್ನ ಬೇಯಿಸ್ತಾ ಇದ್ದೆ."

ಹೃದಯ ದುರ್ಬಲವಾಗಿತ್ತು ಎಂದಿತು ಕಂಪೆನಿ. ಜಪಾನಿನಿಂದ ಬಂದ ಹೆಂಡತಿ ಒಬ್ಬೊಬ್ಬ ಅಧಿಕಾರಿಯ ಮುಂದೆಯೂ ಸೊಂಟ ಬಗ್ಗಿಸಿ, ತನ್ನ ಗಂಡನಿಂದ ಕೆಲಸಕ್ಕೆ ತೊಂದರೆಯಾಯಿತು ಎಂದು ಕ್ಷಮೆ ಕೇಳಿದರಂತೆ. "ಗಂಡನನ್ನು ಕಳಕೊಂಡವಳು ಕ್ಷಮೆ ಕೇಳುವುದಾ? ಅವರು ಹೂಂ ಅಂತ ತಲೆ ಆಡಿಸುವುದಾ? ನನಗೆ ಮೈಯೆಲ್ಲ ಉರಿದುಹೋಯ್ತು" ಎನ್ನುವಾಗ ಅವರ ಕೈಯ ಸೌಟು ಕಲ್ಲಿನ ಕಟ್ಟೆಗೆ ಬಡಿಯುತ್ತದೆ.

ಅಲ್ಲಿಗೇ ಮುಗಿಯಲಿಲ್ಲ. ಸಾವಿಗೆ ಕೆಲವು ದಿನ ಮೊದಲು ನೀರಜಾಕ್ಷಿ ಶಿಮೊದಾರ ಅನ್ನದ ಬಟ್ಟಲನ್ನು ಚಂದಗಾಣಿಸಲು ಹೋಗಿ, ಅವರ ಊಟದ ಎರಡು ಕಡ್ಡಿಗಳನ್ನು ಅನ್ನದ ನಡುವೆ ನೆಟ್ಟಗೆ ಚುಚ್ಚಿ ತಂದಿಟ್ಟಿದ್ದರು. ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿ ಅಭ್ಯಾಸವಾದ ಕೈ ಅದು. ಮೇಜಿನ ಸುತ್ತ ಕೂತವರು ಬೆಚ್ಚಿಬಿದ್ದರು. ಜಪಾನಿನಲ್ಲಿ ಹಾಗೆ ಕಡ್ಡಿ ನೆಡುವುದು ಸತ್ತವರಿಗೆ ಇಡುವ ಅನ್ನದಲ್ಲಿ ಮಾತ್ರ. ಶಿಮೊದಾ ಒಬ್ಬರೇ ನಕ್ಕು, ಕಡ್ಡಿ ಕಿತ್ತು ಉಂಡೆದ್ದರು. ಅವರು ಸತ್ತ ಮೇಲೆ ಮೆಸ್ಸಿನ ಮೇಲ್ವಿಚಾರಕ ಹರಿನಾಥ, ಇವರೂ ನಮ್ಮ ಕಡೆಯವರೇ, ಎಲ್ಲರೆದುರು ಅಂದದ್ದು ಹೀಗೆ: "ನೀವು ಅವತ್ತು ಅಪಶಕುನ ಮಾಡಿದಿರಲ್ಲ ನೀರಜಕ್ಕ, ಅದಕ್ಕೇ ಆದದ್ದು."

ನೋಡಿ ಹೇಗಿದೆ! ತಪ್ಪನ್ನು ಹೃದಯದ ಮೇಲೆ ಹಾಕಿದರು, ಅಡುಗೆಯವಳ ಕೈಮೇಲೆ ಹಾಕಿದರು, ಮರದ ಎರಡು ಕಡ್ಡಿಗಳ ಮೇಲೂ ಹಾಕಿದರು. ಕೆಲಸದ ಮೇಲೆ ಮಾತ್ರ ಯಾರೂ ಬೆರಳು ತೋರಿಸಲಿಲ್ಲ. ಹರಿನಾಥರ ಮಾತನ್ನು ನೀರಜಾಕ್ಷಿ ನಂಬಿಬಿಟ್ಟರು. ಅವರ ಪ್ರಾರ್ಥನೆ ಶುರುವಾದದ್ದು ಆ ಹೆದರಿಕೆಯಿಂದ.

ಶಿಮೊದಾರ ಜಾಗಕ್ಕೆ ಬಂದವರು ಕುಬೊ. ಇನ್ನೂ ಮೂವತ್ತು ದಾಟದ ಹುಡುಗ. ಅದೇ ಮೇಜು, ಅದೇ ನಕ್ಷೆ, ನಿದ್ದೆ ಬಾರದಂತೆ ಮತ್ತೆ ಮತ್ತೆ ಸೈಟಿಗೆ ಕಪ್ಪು ಕಾಫಿಯ ಫ್ಲಾಸ್ಕು. ಅವರು ತಮ್ಮ ದೇಶದ ಸುದ್ದಿಯನ್ನು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಸನ್ನೆಯಲ್ಲಿ ಹೇಳುತ್ತಾರೆ. ಈ ವರ್ಷ ಅಲ್ಲಿ ಕಂಪೆನಿಗಳು ಮುಳುಗುತ್ತಿವೆ, ಜನ ತಾವಾಗಿಯೇ ಜೀವ ಕಳೆದುಕೊಳ್ಳುತ್ತಿದ್ದಾರೆ. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಲಾರದೆ ಬೆಳಿಗ್ಗೆ ಟೈ ಕಟ್ಟಿ ಹೊರಟು, ದಿನವಿಡೀ ಪಾರ್ಕಿನಲ್ಲಿ ಕೂತು ಸಂಜೆ ಮರಳುವವರಿದ್ದಾರೆ. "ಕೆಲಸ ಇದ್ದರೂ ಸಾಯುವುದು, ಇಲ್ಲದಿದ್ದರೂ ಸಾಯುವುದು. ಇದು ಎಂಥ ಸಾವು ಮಾರಾಯ್ರೆ? ಅವರಿಗೆ ಯಾರೂ ಹೇಳುವವರೇ ಇಲ್ಲವಾ?" ಎಂದು ನೀರಜಾಕ್ಷಿ ನನ್ನನ್ನು ಕೇಳುತ್ತಾರೆ.

ಕೈಮುಗಿದು ಸುಮ್ಮನಿರುವವರ ಪೈಕಿ ಇವರಲ್ಲ. ಕಳೆದ ತಿಂಗಳು ಒಂದು ಸಂಜೆ ಹರಿನಾಥ ಸೈಟಿಗೆ ಫ್ಲಾಸ್ಕು ಕಳಿಸಲು ಹೇಳಿದಾಗ ನೀರಜಾಕ್ಷಿ ಗ್ಯಾಸ್ ಆರಿಸಿ ನಿಂತುಬಿಟ್ಟರು. "ಕಾಫಿ ಇಲ್ಲ. ಹಸಿವಾದರೆ ಬಂದು ಉಣ್ಣಲಿ, ಬಿಸಿ ಅನ್ನ ಉಂಟು."

"ನಾಳೆಯೇ ನಿಮ್ಮ ವೀಸಾ ಕ್ಯಾನ್ಸಲ್ ಮಾಡಿಸ್ತೇನೆ, ನೋಡಿ" ಎಂದರು ಹರಿನಾಥ.

"ಮಾಡಿಸಿ. ಅಪಶಕುನದ ಕೈ ಅಂತ ನೀವೇ ಹೇಳಿದ್ದಲ್ಲವಾ? ಆ ಕೈಯ ಕಾಫಿ ಯಾಕೆ?"

ಫ್ಲಾಸ್ಕು ಬಾರದ್ದನ್ನು ಕಂಡು ಕುಬೊ ತಾವೇ ಬಂದರು. ಬಹಳ ದಿನದ ಮೇಲೆ ಮೇಜಿನಲ್ಲಿ ಕೂತು ಬಿಸಿಯೂಟ ಮಾಡಿದರು, ಮಂಚದಲ್ಲಿ ಮಲಗಿದರು. ವೀಸಾದ ಬೆದರಿಕೆ ಇಂದಿಗೂ ತಲೆಯ ಮೇಲೆ ತೂಗುತ್ತಿದೆ. ಫ್ಲಾಸ್ಕು ಮಾತ್ರ ಕಪಾಟಿನಲ್ಲಿದೆ. ಮಗಳ ಓದು ನಿಂತರೆ ಏನು ಮಾಡುತ್ತೀರಿ ಎಂದೆ. "ಹೆದರಿಕೆ ಇಲ್ಲವಾ ಕೇಳಿದರೆ, ಉಂಟು. ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಅವನೂ ಯಾರದೋ ಮಗನಲ್ಲವಾ?"

ಈಗ ಆಟಿ ತಿಂಗಳು. ತುಳುನಾಡಿನಲ್ಲಿ ತೀರಿಹೋದವರಿಗೆ ತಲೆಗೊಂದು ಎಲೆ ಹಾಕಿ ಬಡಿಸುವ ಕಾಲ. ತಮ್ಮ ದೇಶದಲ್ಲೂ ಆಗಸ್ಟಿನಲ್ಲಿ ಸತ್ತವರು ಮನೆಗೆ ಬರುತ್ತಾರೆ, ಅವರಿಗೂ ಊಟ ಇಡುತ್ತೇವೆ ಎಂದು ಕುಬೊ ಹೇಳಿದಾಗಿನಿಂದ ನೀರಜಾಕ್ಷಿಗೆ ಒಂದೇ ಆಸೆ. ಗಂಡನ ಎಲೆಯನ್ನು ಊರಿನಲ್ಲಿ ಮನೆಯವರು ಹಾಕುತ್ತಾರೆ; ಇಂದು ಇವರು ಶಿಮೊದಾರಿಗೆ ಬಡಿಸುತ್ತಾರೆ. ಅನ್ನ, ಮೀನಿನ ಗಸಿ, ಅವರಿಗೆ ಇಷ್ಟವಿದ್ದ ಮೂಲಂಗಿ ಉಪ್ಪಿನಕಾಯಿ. ಜೊತೆಗೆ ಎರಡು ಕಡ್ಡಿ. "ಈ ಸಲ ಅನ್ನಕ್ಕೆ ನೆಟ್ಟೇ ಇಡ್ತೇನೆ. ಅವತ್ತು ತಪ್ಪಾದದ್ದು ಇವತ್ತು ಸರಿಯೇ ಅಲ್ಲವಾ?" ಎಂದು ನನ್ನ ಮುಖ ನೋಡುತ್ತಾರೆ. ನಿಮ್ಮ ಕೈಯಿಂದ ಯಾರೂ ಸಾಯಲಿಲ್ಲ ನೀರಜಕ್ಕ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ, ನಂಬಿದರೋ ಇಲ್ಲವೋ ತಿಳಿಯುವುದಿಲ್ಲ.

ಬಾಳೆ ಎಲೆ ತರಲು ಬೀದಿಯಾಚೆಯ ತರಕಾರಿ ಅಂಗಡಿಗೆ ಹೊರಡುತ್ತೇವೆ. ಅಂಗಡಿಯ ಝಕರಿಯಾ ಉಳ್ಳಾಲದ ಬ್ಯಾರಿ. ಎಲೆಗಳ ಕಟ್ಟು ಬಿಚ್ಚುತ್ತಾ, "ಎಷ್ಟು ಬೇಕು ಅಕ್ಕ? ಇವತ್ತಷ್ಟೇ ಬಂದದ್ದು, ಎರಡು ಮೂರು ಇರಲಿ" ಎನ್ನುತ್ತಾರೆ.

ನೀರಜಾಕ್ಷಿ ಒಂದನ್ನೇ ಆರಿಸಿ, ತುದಿ ಹರಿಯದಂತೆ ಸುರುಳಿ ಸುತ್ತಿಕೊಳ್ಳುತ್ತಾರೆ.

"ಒಂದೇ ಸಾಕು ಝಕರಿಯಾ. ಬರುವ ಆಟಿಗೂ ಒಂದೇ ಸಾಕಾಗಲಿ ಅಂತಲೇ ನಾನು ದಿನಾ ಬೇಡುವುದು."