ಡಂಕಿನ ಮುಂದೆ ಒಬ್ಬಾಕಿ

ಮೊನ್ನೆ ನಮ್ಮ ಮನೆಗೆ ಮಿಕ್ಸರ್ ಬಂತು. ಬಸವಕಲ್ಯಾಣದ ನಮ್ಮ ಓಣಿಗೆ ಇದೇ ಮೊದಲನೆಯದು ಅಂತ ನಾನು ಹೇಳಿಕೊಂಡು ತಿರುಗುತ್ತಿದ್ದೇನೆ. ಖರೆ ಹೇಳಬೇಕೆಂದರೆ ಎರಡನೆಯದೋ ಮೂರನೆಯದೋ ಇರಬೇಕು. ಈವತ್ತು ಅದರಲ್ಲಿ ಒಣ ಮೆಣಸಿನಕಾಯಿ ಹಾಕಿ ತಿರುವಿದೆ. ಮುಚ್ಚಳ ತೆಗೆದದ್ದೇ ತಡ, ಘಾಟು ಅಡಿಗೆಮನೆ ದಾಟಿ ಪಡಸಾಲೆಗೆ ಹೋಯಿತು. ಪೇಪರ್ ಓದುತ್ತ ಕೂತಿದ್ದ ನಮ್ಮ ಯಜಮಾನರು ಸೀನುತ್ತ ಅಂಗಳಕ್ಕೆ ಓಡಿದರು. ನಾನೂ ಸೀನಿದೆ, ಕಣ್ಣೊರೆಸಿಕೊಂಡೆ. ನೀವು ನಂಬುತ್ತೀರೋ ಇಲ್ಲವೋ, ಆ ಘಾಟಿಗೆ ನನಗೆ ಹುಮನಾಬಾದಿನ ತವರುಮನೆಯ ಹಿತ್ತಲು ನೆನಪಾಯಿತು. ಅಲ್ಲಿ ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ಖಾರ ಕುಟ್ಟುತ್ತಿದ್ದ ತಿಪ್ಪವ್ವ, ಭಾಗವ್ವ ನೆನಪಾದರು.

ಇವರಿಬ್ಬರು ದುಬಲಗುಂಡಿಯವರು. ಅಣ್ಣತಮ್ಮಂದಿರನ್ನು ಮಾಡಿಕೊಂಡ ನೆಗೆಣ್ಣಿಯರು. ತಿಪ್ಪವ್ವ ಹಿರಿಯಾಕಿ, ಭಾಗವ್ವ ಕಿರಿಯಾಕಿ. ಬೇಸಿಗೆ ಬಂತೆಂದರೆ ಬಸ್ಸಿಗೆ ಬಂದು, ಮನೆ ಮನೆಗೆ ವರ್ಷದ ಖಾರ ಕುಟ್ಟಿಕೊಡುವುದು ಅವರ ಕೆಲಸ. ಒಳಕಲ್ಲಿನ ಈ ಕಡೆ ಒಬ್ಬಾಕಿ, ಆ ಕಡೆ ಒಬ್ಬಾಕಿ. ಒಬ್ಬಾಕಿಯ ಒನಕೆ ಏಳುವಾಗ ಇನ್ನೊಬ್ಬಾಕಿಯದು ಬೀಳಬೇಕು. ಪೆಟ್ಟಿಗೊಮ್ಮೆ ‘ಹ್ಹುಂ’ ಅಂತ ಉಸಿರು, ನಡುನಡುವೆ ಅತ್ತೆಯ ಸುದ್ದಿ, ಎಮ್ಮೆಯ ಸುದ್ದಿ, ನಗು. ನಾನಾಗ ಮೆಟ್ರಿಕ್ ಮುಗಿಸಿ, ವರ ಬರುವ ದಾರಿ ಕಾಯುತ್ತ ಮನೆಯಲ್ಲಿದ್ದೆ. ಮಾಡಲು ಬೇರೆ ಕೆಲಸವಿಲ್ಲದ್ದಕ್ಕೆ ಒಮ್ಮೆ ಭಾಗವ್ವನ ಒನಕೆ ಇಸಿದುಕೊಂಡು ನಿಂತೆ. ಎರಡನೆಯ ಪೆಟ್ಟಿಗೇ ಅದು ಹೋಗಿ ತಿಪ್ಪವ್ವನ ಒನಕೆಗೆ ಬಡಿಯಿತು.

“ಅಕ್ಕಾರ, ನೀವು ಒಳಗ ಹೋಗಿ ಪುಸ್ತಕ ಓದ್ರಿ. ಇಲ್ಲಂದ್ರ ನಮ್ಮ ಅಕ್ಕನ ಕೈ ಮುರೀತದ” ಅಂದಳು ಭಾಗವ್ವ. ನಾನು ಹೋಗಿ ಓದಿದೆ. ಹೇಳಿದ ಮಾತು ಕೇಳುವ ಹುಡುಗಿ ನಾನು.

ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಡಂಕ ಬಂತು. ಡಂಕ ಅಂದರೆ ಖಾರ ಕುಟ್ಟುವ ಮಷೀನು. ಗುಂಡಿ ಒತ್ತಿದರೆ ಸಾಕು, ಕಬ್ಬಿಣದ ಒನಕೆಗಳು ತಾವೇ ಏಳುತ್ತವೆ, ತಾವೇ ಬೀಳುತ್ತವೆ. ಊರ ಹೆಂಗಸರೆಲ್ಲ ಡಬ್ಬಿ ಹಿಡಿದು ಆ ಕಡೆ ನಡೆದರು. ನಮ್ಮವ್ವ ಮಾತ್ರ ಹಟ ಹಿಡಿದು ಕೂತಳು. “ಡಂಕಿನ ಖಾರಕ್ಕ ಬಣ್ಣ ಇಲ್ಲ, ರುಚಿ ಇಲ್ಲ, ಬರೇ ಕಬ್ಬಿಣದ ವಾಸನಿ. ನಾ ಇರೋತನಾ ಅದು ನಮ್ಮ ಮನಿ ಹೊಸ್ತಲಾ ದಾಟಂಗಿಲ್ಲ” ಅಂತ ಮದುವೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಡಂಕಿನ ಖಾರವನ್ನು ಅವಳು ನಾಲಿಗೆಗೂ ಹಚ್ಚಿ ನೋಡಿರಲಿಲ್ಲ ಅನ್ನುವುದು ಬೇರೆ ಮಾತು.

ಮುಂದಿನ ಬೇಸಿಗೆಗೆ ಇಬ್ಬರೂ ಬಂದರು. ಮೊದಲ ಕಂತಿನ ಖಾರ ಕುಟ್ಟಿ ಮುಗಿದ ಮೇಲೂ ಹೋಗದೆ ನಿಂತರು. ತಿಪ್ಪವ್ವ ಬಲಗಡೆಯ ರಟ್ಟೆಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. ಭಾಗವ್ವನೇ ಬಾಯಿಬಿಟ್ಟಳು: “ಅವ್ವಾರ, ಈ ವರ್ಷ ನಿಮ್ಮದೊಂದೇ ಮನಿ ಉಳದದ. ಉಳದವರೆಲ್ಲ ಡಂಕಿಗಿ ಹೋಗಾಕತ್ತಾರ. ಡಂಕಿನ ಮಾಲಕರು ಅಪ್ಪಾರ ದೋಸ್ತರು ಅದಾರಂತ. ನಮಗ ಅಲ್ಲೇ ಕೆಲಸಕ್ಕ ಹಚ್ಚಸ್ರಿ.”

ಅವ್ವನಿಗೆ ಸಿಟ್ಟು ನೆತ್ತಿಗೇರಿತು. “ಏ ಹುಚ್ಚಿ! ನಿಮ್ಮ ಸಲುವಾಗಿ ನಾ ಊರಮಂದಿ ಜೋಡಿ ಜಗಳಾಡಾಕತ್ತೇನಿ. ನೀವು ನೋಡಿದ್ರ ನಿಮ್ಮ ಹೊಟ್ಟಿ ಮ್ಯಾಲೆ ಹೊಡದದ್ದಕ್ಕೇ ಕೈ ಮುಗ್ಯಾಕ ಹೊಂಟೀರಿ!”

“ಅದರ ಮ್ಯಾಲೆ ಸಿಟ್ಟು ಮಾಡಿ ಏನ್ ಮಾಡೋದದ್ರಿ” ಅಂದಳು ತಿಪ್ಪವ್ವ ಮೆಲ್ಲಗೆ. “ನನ್ನ ರಟ್ಟಿ ಏಳವಲ್ದು. ಅದರ ರಟ್ಟಿ ನೋಯಂಗಿಲ್ಲ.”

ಅಂದು ಸಂಜೆ ಅವ್ವ ನನ್ನನ್ನು ಕರೆದುಕೊಂಡು, ಪರಿಚಯದವರು ಯಾರೂ ನೋಡಬಾರದೆಂದು ಸೆರಗು ಹಣೆತನಕ ಎಳೆದುಕೊಂಡು ಡಂಕಿಗೆ ಹೋದಳು. “ಬರ್ರಿ ವೈನಿ, ದಾರಿ ತಪ್ಪಿ ಬಂದೀರೇನು?” ಅಂತ ಮಾಲಕರು ನಕ್ಕರು. ಅವ್ವ ಅದನ್ನು ನುಂಗಿಕೊಂಡು, ಖಾರದ ಕೆಲಸಕ್ಕೆ ಹೆಣ್ಣುಮಕ್ಕಳೇ ಇದ್ದರೆ ಗಿರಾಕಿಗಳಿಗೂ ಅನುಕೂಲ ಅಂತ ವಿಷಯ ಎತ್ತಿದಳು. ಅವರು ಒಪ್ಪಿದರು, ಆದರೆ ಎರಡು ಕರಾರು. “ಮಷೀನಿಗಿ ಒಬ್ಬಾಕಿ ಸಾಕ್ರಿ, ಇಬ್ಬರಿಗಿ ಏನ್ ಕೆಲಸ? ಸಣ್ಣಾಕಿನ ಕಳಸ್ರಿ. ಮತ್ತ ನಿಮ್ಮ ಮನಿ ಖಾರನೂ ಇಲ್ಲೇ ಆಗಬೇಕು. ನಮ್ಮ ಡಂಕಿಗಿ ನೀವು ಮಾಡಿದ ಬದನಾಮಿ ನೀವೇ ತೊಳೀಬೇಕು.”

ಅವ್ವ ಹೂಂ ಅಂದಳು.

ಮರುದಿನ ನಮ್ಮ ಹಿತ್ತಲಲ್ಲಿ ಅವ್ವ ಈ ಸುದ್ದಿ ಹೇಳಿದ್ದೇ ತಡ, ಇಬ್ಬರಿಗೂ ಜಗಳ ಹತ್ತಿತು. ಆ ಇಬ್ಬರು ಜಗಳಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಅಕ್ಕನೇ ಹೋಗಲಿ, ನನ್ನ ರಟ್ಟಿ ಇನ್ನಾ ಗಟ್ಟಿ ಅದಾವ, ಕೂಲಿ ಮಾಡ್ತೀನಿ” ಅಂತ ಭಾಗವ್ವ. “ಮಾಲಕರು ಸಣ್ಣಾಕಿನ ಕೇಳ್ಯಾರ, ನೀ ಮಕ್ಕಳ ತಾಯಿ, ನೀನೇ ಹೋಗು” ಅಂತ ತಿಪ್ಪವ್ವ. ಕಡೆಗೆ ಭಾಗವ್ವ ಸೀರೆ ಕೊಡವಿಕೊಂಡು ಎದ್ದಳು: “ನೀ ಹೋಗಲಿಲ್ಲಂದ್ರ ನಾನೂ ಹೋಗಂಗಿಲ್ಲ. ಮೂರನೆಯಾಕಿ ಬಂದು ಕೂಡ್ತಾಳ. ನೋಡ್ಕೋತ ನಿಂದ್ರು.” ತಿಪ್ಪವ್ವ ಅಳುತ್ತಲೇ ಒಪ್ಪಿದಳು. ವಯಸ್ಸಾದಾಕಿ ಅಂತ ಮಾಲಕರು ಗೊಣಗಿದರು. ಅವ್ವ ಇನ್ನೊಂದು ಸಲ ಸೆರಗೆಳೆದುಕೊಂಡು ಹೋಗಿ ಅವರನ್ನು ಒಪ್ಪಿಸಿ ಬಂದಳು.

ಹದಿನೈದು ದಿನದ ಮೇಲೆ ನಮ್ಮ ಉಳಿದ ಮೆಣಸಿನಕಾಯಿ ತೆಗೆದುಕೊಂಡು ಹೋದ ದಿನ ನಾನೂ ಜೊತೆಗಿದ್ದೆ. ತಿಪ್ಪವ್ವ ಮಣೆಯ ಮೇಲೆ ಕೂತು, ಉದ್ದ ಸೌಟಿನಿಂದ ಖಾರವನ್ನು ಒನಕೆಯ ಕೆಳಗೆ ನೂಕುತ್ತಿದ್ದಳು. ಕಬ್ಬಿಣದ ಒನಕೆ ಬಿದ್ದಾಗೊಮ್ಮೆ ಅವಳ ಬಾಯಿಂದ ‘ಹ್ಹುಂ’ ಬರುತ್ತಿತ್ತು. ಗಿರಾಕಿಗಳು ನಗುತ್ತಿದ್ದರು, ಅವಳೂ ನಗುತ್ತಿದ್ದಳು.

“ಹ್ಯಾಂಗದ ತಿಪ್ಪವ್ವ?” ಅಂತ ಅವ್ವ ಆ ಸಪ್ಪಳದಲ್ಲಿ ಕೂಗಿ ಕೇಳಿದಳು.

“ಆರಾಮ ಅದ್ರಿ. ರಟ್ಟಿ ನೋವು ಹೋಯ್ತು, ಕಣ್ತುಂಬ ನಿದ್ದಿ ಬರಾಕತ್ತದ.” ಸೌಟು ನಿಲ್ಲಿಸಿ ಮಷೀನಿನ ಆ ಕಡೆಯ ಗೋಡೆ ನೋಡಿದಳು. “ಎದುರಿಗಿ ಯಾರೂ ಇಲ್ರಿ. ಭಾಗಿ ಬಿಸಲಾಗ ಮಂದಿ ಹೊಲದಾಗ ದುಡ್ಯಾಕತ್ತಾಳ, ಅದೂ ದಿನಾ ಸಿಗಂಗಿಲ್ಲ. ನಂದು ಸುಧಾರಿಸ್ತ್ರಿ ಅವ್ವಾರ. ಆಕಿಂದು?”

ಅವ್ವ ಮೊದಲೇ ಬಿಗಿಯಾಗಿದ್ದ ಖಾರದ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಬಿಗಿ ಮಾಡಿದಳು. ಊಟಕ್ಕೆ ಕೂತಾಗ ಅಪ್ಪ, “ಡಂಕಿನ ಖಾರ ಬೇಷ್ ಅದಲ್ಲ” ಅಂದರು. “ಸುಮ್ಮ ಉಣ್ರಿ” ಅಂತ ಅವ್ವ ಸಿಡಿದಳು. ರುಚಿಯಲ್ಲಿ ನನಗೂ ಏನೂ ಫರಕು ಕಾಣಲಿಲ್ಲ. ಅದೇ ದೊಡ್ಡ ಫಜೀತಿಯಾಯಿತು ನೋಡಿ. ಖಾರ ಕೆಟ್ಟಿದ್ದರೆ ಮಷೀನನ್ನು ಬಯ್ದು ನಿರಾಳವಾಗಬಹುದಿತ್ತು.

ಮೊದಲಿನದೇ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಮೊದಲಿನ ಕಾಲವನ್ನು ಹೊಗಳುವವರು ಬಹುತೇಕ ಒನಕೆ ಹಿಡಿಯದ ನನ್ನಂಥವರೇ. ತಿಪ್ಪವ್ವನ ರಟ್ಟೆ ಬದುಕಿತು, ಅದು ಸಣ್ಣ ಮಾತಲ್ಲ. ಆದರೆ ಕಾಲ ಸುಧಾರಿಸಿತೇ ಅಂತ ಯಾರಾದರೂ ಕೇಳಿದರೆ, ಮಣೆಯ ಮೇಲೆ ಕೂತಾಕಿಯನ್ನು ಕೇಳಿ ಹೇಳಲೋ, ಎದ್ದು ಹೋದಾಕಿಯನ್ನು ಕೇಳಿ ಹೇಳಲೋ ಗೊತ್ತಾಗುವುದಿಲ್ಲ. ಎದ್ದು ಹೋದಾಕಿ ಕೇಳಲು ಕೈಗೆ ಸಿಗುವುದೂ ಇಲ್ಲ.

ಇಷ್ಟೆಲ್ಲ ನೆನೆಸುತ್ತ ನಿಂತಿದ್ದಾಗ ಹಿತ್ತಲ ಬಾಗಿಲಿಗೆ ಶಾಂತಾ ಬಂದಳು. ದಿನಾ ಬಂದು ನಮ್ಮ ಮನೆಯ ಮಸಾಲೆ ಅರೆದುಕೊಟ್ಟು ಹೋಗುವಾಕಿ; ಮೂರು ದಿನ ಊರಿಗೆ ಹೋಗಿ ಈವತ್ತೇ ತಿರುಗಿ ಬಂದಿದ್ದಳು. ಮಿಕ್ಸರ್ ನೋಡಿದಳು, ಅದರೊಳಗಿನ ಕೆಂಪು ಪುಡಿ ನೋಡಿದಳು.

“ಇದು ಎಲ್ಲಾ ಅರೀತದೇನ್ರಿ, ಅಕ್ಕಾರ?”

“ಅರೀತದವ್ವ.”

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಹಂಗಾದ್ರ ನಾಳಿಂದ ನಾ ಬರ್ಲ್ಯಾ, ಬ್ಯಾಡ್ಲ್ಯಾ?”

ನಿಮ್ಮೆದುರು ಮುಚ್ಚಿಡುವುದೇನು, ಬೆಳಿಗ್ಗೆಯಿಂದ ನಾನು ಉತ್ತರವನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಬೇಡ ಅನ್ನುವುದಕ್ಕೇ, ಆದರೆ ನಯವಾಗಿ. ಅದನ್ನು ಅಲ್ಲೇ ಬಿಟ್ಟೆ.

“ಬ್ಯಾಡ ಅಂದ್ರ ಹ್ಯಾಂಗ? ನನಗ ಇದರ ಗುಂಡಿ ಒತ್ತಾಕ ಅಂಜಿಕಿ ಬರ್ತದ. ನೀನೇ ಬಂದು ಒತ್ತಬೇಕು” ಅಂದೆ.

ಮೊನ್ನೆಯಿಂದ ನಾನು ಆ ಗುಂಡಿ ಒತ್ತಿ ಒತ್ತಿ ಮೆರೆದದ್ದನ್ನು ನೋಡಿದ್ದ ಯಜಮಾನರು ಅಂಗಳದಿಂದ ಇಣುಕಿ ಬಾಯಿ ತೆರೆದರು. ನಾನು ಕಣ್ಣು ದೊಡ್ಡದು ಮಾಡಿದೆ. ತೆರೆದ ಬಾಯಿ ಮುಚ್ಚಿದರು. ಶಾಂತಾ ಕೈ ಒರೆಸಿಕೊಂಡು, ಒಂದು ಬೆರಳಿನಿಂದ ಗುಂಡಿ ಒತ್ತಿದಳು. ಮಿಕ್ಸರ್ ಗುರ್ ಅಂದದ್ದಕ್ಕೆ ಹೌಹಾರಿ ಹಿಂದೆ ಸರಿದು, ಆಮೇಲೆ ನಕ್ಕಳು.

ಈ ನನ್ನ ಅಂಜಿಕೆ ಎಷ್ಟು ದಿನ ಬಾಳಿಕೆ ಬರುತ್ತದೋ ನನಗೇ ಗೊತ್ತಿಲ್ಲ. ನಾಳೆಗಂತೂ ಇದೆ.